ಹತ್ತೊಂಬತ್ತು ನಿಮಿಷದ ಹಸಿರು ದೀಪ

ಕೆಲಸದ ಕಡೆ ಎಲ್ಲರ ಬಾಯಲ್ಲೂ ಅವಳು ಚೀಟಿಯಕ್ಕ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತನ್ನ ಪಾಡಿಗೆ ತಾನಿತ್ತು. ಅವಳು ಮುಟ್ಟಿದ ಪ್ರತಿಯೊಂದು ತಂತಿಗೂ ಎರಡೂ ತುದಿಯಲ್ಲಿ ಒಂದೊಂದು ಚೀಟಿ ಅಂಟಿರುತ್ತಿತ್ತು. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಯಾವತ್ತು ಎಳೆದದ್ದು, ಕೊನೆಗೆ ಸಹಿ. ಇವಳನ್ನು ಒಂದು ಗಂಟೆ ಒಳಗೆ ಬಿಟ್ಟರೆ ನಮ್ಮ ಬೆಕ್ಕಿನ ಬಾಲಕ್ಕೂ ಚೀಟಿ ಬೀಳುತ್ತದೆ ಅಂತ ಅಂಗಡಿಯವರು ನಗಾಡುತ್ತಿದ್ದರು. ಅವಳೂ ನಗುತ್ತಿದ್ದಳು, ಚೀಟಿ ಮಾತ್ರ ಬಿಡುತ್ತಿರಲಿಲ್ಲ.

ಅವಳ ಮುಖ್ಯ ಕೆಲಸ ಬ್ಯಾಕಪ್ ಲೈನ್ ಕೂರಿಸುವುದು. ಒಂದು ಆಫೀಸಿಗೆ ಒಂದು ಕಂಪನಿಯ ಲೈನ್ ಬಂದಿರುತ್ತದೆ, ಅದು ರೂಟರ್ ಅನ್ನುವ ಪೆಟ್ಟಿಗೆಗೆ ಸೇರಿರುತ್ತದೆ. ಆ ಲೈನ್ ಸತ್ತರೆ ಆಫೀಸು ಕುರುಡಾಗಬಾರದಲ್ಲ, ಅದಕ್ಕೆ ಬೇರೆ ಕಂಪನಿಯಿಂದ ಇನ್ನೊಂದು ಲೈನ್ ತಂದು ಅದೇ ರೂಟರಿನ ಪಕ್ಕದ ತೂತಿಗೆ ಸಿಕ್ಕಿಸಿ, 'ಮೊದಲನೆಯದು ಬಿದ್ದರೆ ನೀನು ಹೊರು' ಅಂತ ರೂಟರಿಗೆ ಹೇಳಿಕೊಡಬೇಕು. ಹೇಳಿಕೊಟ್ಟ ಮೇಲೆ ಪರೀಕ್ಷೆ. ಈ ಪರೀಕ್ಷೆ ಅವಳಿಗೆ ಕಲಿಸಿದವರು ಅವಳ ಮೊದಲ ಮೇಸ್ತ್ರಿ. ಕಾಲೇಜು ಮೆಟ್ಟಿಲು ಹತ್ತದವಳಿಗೆ ಅವರೇ ಕಾಲೇಜು. ಮೊದಲ ಲೈನಿನ ಪ್ಲಗ್ಗನ್ನು ರೂಟರಿನಿಂದ ಕಿತ್ತು ಕೈಯಲ್ಲಿ ಹಿಡಿದುಕೋ, ಬಾಯಲ್ಲಿ ಎಣಿಸು, ಹತ್ತರೊಳಗೆ ಎರಡನೆಯದು ಎದ್ದರೆ ಗೆದ್ದೆ. ಹದಿನಾಲ್ಕು ವರ್ಷದಿಂದ ಅವಳು ಕೀಳುತ್ತಿದ್ದಳು, ಎಣಿಸುತ್ತಿದ್ದಳು, ಗೆಲ್ಲುತ್ತಿದ್ದಳು. ಗೆದ್ದ ಮೇಲೆ ರೂಟರಿನ ನೆತ್ತಿಯ ಮೇಲೊಂದು ಚೀಟಿ: 'ಪರೀಕ್ಷಿಸಲಾಗಿದೆ.'

ಆ ಮಂಗಳವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಫೋನ್ ಬಂತು. ನೆಟ್ ಇಲ್ಲ, ಎಕ್ಸ್‌ರೇ ಹೋಗುತ್ತಿಲ್ಲ, ಒಬ್ಬರು ಬಾಯಿ ತೆರೆದುಕೊಂಡೇ ಕೂತಿದ್ದಾರೆ ಅಂತ. ಎರಡು ಲೈನ್ ಇದ್ದೂ ನೆಟ್ ಇಲ್ಲ ಅಂದರೆ ಹೇಗೆ ಅಂತ ಅವಳು ಗಾಡಿ ಹತ್ತಿಕೊಂಡು ಓಡಿದಳು. ನೋಡಿದರೆ ಬೀದಿಯ ಮೂಲೆಯಲ್ಲಿ ನೀರಿನ ಪೈಪಿನವರು ಅಗೆದು ಮೊದಲ ಕಂಪನಿಯ ತಂತಿಯನ್ನು ತುಂಡು ಮಾಡಿದ್ದರು. ಸರಿ, ಅದು ದಿನಾ ಇದ್ದದ್ದೇ. ಆದರೆ ಎರಡನೇ ಲೈನ್ ಜೀವಂತವಾಗಿದ್ದೂ ಉಂಡ ಅಳಿಯನ ಹಾಗೆ ಕಾಲು ಚಾಚಿ ಮಲಗಿತ್ತು. ಮೊದಲ ಲೈನಿನ ಹಸಿರು ದೀಪ ನಗುನಗುತ್ತಾ ಉರಿಯುತ್ತಿತ್ತು.

ಡಾಕ್ಟರು ಹಿಂದಿನಿಂದ ಬಗ್ಗಿ ನೋಡಿ, ನಿಮ್ಮ ಪೆಟ್ಟಿಗೆ ಚೆನ್ನಾಗಿ ನಗುತ್ತೆ, ಕಚ್ಚೋಕೆ ಮಾತ್ರ ಆಗಲ್ಲ ಅಂದರು. ಅವಳಿಗೆ ನಗು ಬರಲಿಲ್ಲ. ಗೋಡೆಯ ಮೇಲೆ ಕಂಪನಿಯವರು ಹೊಡೆದುಹೋಗಿದ್ದ ಬಿಳಿ ಡಬ್ಬಿಯ ಮೇಲೆ ಅವಳ ಕಣ್ಣು ನೆಟ್ಟಿತ್ತು.

ಮೇಸ್ತ್ರಿಯ ಕಾಲದಲ್ಲಿ ಬೀದಿಯಿಂದ ಬಂದ ತಾಮ್ರದ ತಂತಿ ನೆಟ್ಟಗೆ ರೂಟರಿಗೇ ಬರುತ್ತಿತ್ತು. ಎಲ್ಲಿ ಕಡಿದರೂ ರೂಟರಿಗೆ ಗೊತ್ತಾಗುತ್ತಿತ್ತು. ಈಗ ಬರುವುದು ಗಾಜಿನೆಳೆಯ ತಂತಿ, ನಡುವೆ ಈ ಡಬ್ಬಿ ಬಂದು ಕೂತಿದೆ. ಬೀದಿಯಲ್ಲಿ ತಂತಿ ಕಡಿದರೂ ಡಬ್ಬಿಗೆ ಕರೆಂಟು ಇರುತ್ತದೆ, ಡಬ್ಬಿಯಿಂದ ರೂಟರಿಗೆ ಬರುವ ಒಂದು ಮೊಳದ ತುಂಡು ಗಟ್ಟಿಯಾಗಿರುತ್ತದೆ. ರೂಟರು ನೋಡುವುದು ಆ ಒಂದು ಮೊಳವನ್ನು ಮಾತ್ರ. ಬಾಗಿಲು ತೆರೆದಿದೆ ಅಂತ ನೋಡಿ ನೆಮ್ಮದಿಯಾಗಿ ಕೂತ ಕಾವಲುಗಾರನ ಹಾಗೆ, ಬಾಗಿಲಾಚೆ ರಸ್ತೆಯೇ ಕುಸಿದಿದ್ದರೆ ಅವನಿಗೇನು ಗೊತ್ತು. ಅವಳು ಪರೀಕ್ಷೆಗೆ ಕೀಳುತ್ತಿದ್ದದ್ದೂ ಅದೇ ಒಂದು ಮೊಳದ ತುಂಡನ್ನು. ಕಿತ್ತಾಗಲೆಲ್ಲ ಬ್ಯಾಕಪ್ ಏಳುತ್ತಿತ್ತು. ನಿಜವಾಗಿ ಲೈನ್ ಸತ್ತರೆ ಏಳುತ್ತದೆಯೇ ಅಂತ ಅವಳು ಒಂದು ದಿನವೂ ನೋಡಿರಲಿಲ್ಲ.

ಮದ್ದು ದೊಡ್ಡದೇನಲ್ಲ. ದೂರದಲ್ಲಿರುವ ಒಂದು ಯಂತ್ರವನ್ನು ಐದು ಸೆಕೆಂಡಿಗೊಮ್ಮೆ 'ಇದ್ದೀಯಾ' ಅಂತ ಕೇಳು, ಮೂರು ಸಲ ಉತ್ತರ ಬರದಿದ್ದರೆ ಎರಡನೇ ಲೈನಿಗೆ ಹೊರಳು ಅಂತ ರೂಟರಿಗೆ ಹೇಳಬೇಕು. ಏಳು ಸಾಲು. ಆ ಪಾಠ ಪುಸ್ತಕದಲ್ಲಿತ್ತು, ಅವಳೂ ಓದಿದ್ದಳು, ನಮ್ಮ ಪ್ಲಗ್ ಪರೀಕ್ಷೆ ಸಾಕಲ್ಲ ಅಂತ ದಾಟಿಸಿಬಿಟ್ಟಿದ್ದಳು. ಈಗ ಏಳು ಸಾಲು ಬರೆದಳು, ಕ್ಲಿನಿಕ್ಕಿಗೆ ನೆಟ್ ಬಂತು, ಎಕ್ಸ್‌ರೇ ಹೋಯಿತು, ಬಾಯಿ ತೆರೆದವರು ಬಾಯಿ ಮುಚ್ಚಿದರು. ಅವಳು ಮಾತ್ರ ನೆಲದ ಮೇಲೆ ಕೂತಲ್ಲೇ ಕೂತಿದ್ದಳು. ಇಂಥ ಡಬ್ಬಿ ಬಂದ ಮೇಲೆ ಅವಳು ಮಾಡಿದ ಜಾಗಗಳು ಹನ್ನೊಂದು. ಅದರಲ್ಲೊಂದು ಆಂಬುಲೆನ್ಸ್ ಕರೆ ಕೇಂದ್ರ. ಅಕ್ಕನ ಕರೆ ಕೇಂದ್ರ.

ಅಕ್ಕ ಅಂದರೆ ಒಡಹುಟ್ಟಿದವಳೇ, ಒಂಬತ್ತು ವರ್ಷ ದೊಡ್ಡವಳು. ಇವಳಿಗೆ ಜಡೆ ಹೆಣೆದು, ಜಡೆ ಎಳೆದು, ಎರಡನ್ನೂ ಅಷ್ಟೇ ಪ್ರೀತಿಯಿಂದ ಮಾಡಿದವಳು. ಕರೆ ಕೇಂದ್ರದ ಮೇಲ್ವಿಚಾರಕಿ. ಬ್ಯಾಕಪ್ ಲೈನ್ ಬೇಕು ಅಂತ ಮೇಲಿನವರು ಹೇಳಿದಾಗ, ನನ್ನ ತಂಗಿ ಇದ್ದಾಳೆ, ಕಣ್ಣು ಮುಚ್ಚಿ ಕೊಡಿ ಅಂತ ಎದೆ ತಟ್ಟಿ ಹೇಳಿದ್ದಳು. ಅದಾಗಿ ಒಂದು ವರ್ಷ.

ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಊಟಕ್ಕೆ ಕೂತಾಗ ಅಕ್ಕ ಒಂದು ಮಾತು ಹೇಳಿದ್ದಳು. ಇವತ್ತು ಮಧ್ಯಾಹ್ನ ಮೂರರಾಚೆಗೆ ಸುಮಾರು ಇಪ್ಪತ್ತು ನಿಮಿಷ ಒಂದೇ ಒಂದು ಕರೆ ಬರಲಿಲ್ಲ ಕಣೇ, ಊರಿಗೆ ಊರೇ ಆರೋಗ್ಯವಾಗಿತ್ತು, ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿ ಚಹಾ ಕುಡಿದದ್ದು ನೌಕರಿಗೆ ಸೇರಿದ ಮೇಲೆ ಇದೇ ಮೊದಲು ಅಂತ. ಇಬ್ಬರೂ ನಕ್ಕಿದ್ದರು.

ನಗು ಎರಡು ದಿನವೂ ನಿಲ್ಲಲಿಲ್ಲ. ಒಬ್ಬ ದರ್ಜಿ ದೂರು ತಂದ. ಅವನ ತಾಯಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಕುಸಿದಿದ್ದರು. ಅದೇ ಮಧ್ಯಾಹ್ನ ಮೂರೂಕಾಲಿಂದ ಆರು ಸಲ ಆಂಬುಲೆನ್ಸಿಗೆ ಫೋನ್ ಮಾಡಿದ್ದ. ರಿಂಗ್ ಆಗ್ತಾನೇ ಇತ್ತು, ಯಾರೂ ಎತ್ತಲಿಲ್ಲ ಅಂದ. ಆರೂ ಸಲದ ಗುರುತು ಅವನ ಫೋನಿನಲ್ಲಿತ್ತು. ಕೊನೆಗೆ ತರಕಾರಿ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಆ ಕೈ ನಲವತ್ತು ವರ್ಷ ಗುಂಡಿ ಹೊಲಿದ ಕೈ.

ಮೂವರ ವಿಚಾರಣಾ ಸಮಿತಿ ಕೂತಿತು. ದರ್ಜಿಯ ಬಡಾವಣೆಯ ಕರೆಗಳು ಬರುವುದು ನಾಲ್ಕನೇ ಕುರ್ಚಿಗೆ. ಆ ಕುರ್ಚಿಯಲ್ಲಿದ್ದವರು ನಿಧಾನಣ್ಣ. ಐವತ್ತಾರರ ಮನುಷ್ಯ. ಕರೆ ಮಾಡಿ ಅರಚುವವರಿಗೆಲ್ಲ 'ನಿಧಾನ, ನಿಧಾನವಾಗಿ ಹೇಳಿ, ನಾನು ಕೇಳ್ತಾ ಇದ್ದೀನಿ' ಅನ್ನುತ್ತಿದ್ದರು. ಆ ಮಾತೇ ಹೆಸರಾಗಿ ಕೂತಿತ್ತು. ಆವತ್ತು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳಲು ಮೂರೂಕಾಲರ ಸುಮಾರಿಗೆ ಬ್ರೇಕ್ ಬಟನ್ ಒತ್ತಿದ್ದರು, ಅದನ್ನು ಬಿಡುವವರೆಗೆ ಆ ಕುರ್ಚಿಗೆ ಕರೆ ಬರುವುದಿಲ್ಲ. ಎರಡು ನಿಮಿಷ ಅಂತ ಅವರು ಹೇಳಿದರು. ಬಟನ್ ಬಿಡುವುದನ್ನು ಮರೆತು ಕಣ್ಣು ಮುಚ್ಚಿ ಕೂತಿದ್ದಿರಬೇಕು ಅಂತ ಸಮಿತಿಯವರು ಅಂದರು. ಹೆಸರೇ ನಿಧಾನ ಆಗಿರುವಾಗ ಆರೋಪ ಅಂಟಿಸಲು ಗೋಂದು ಬೇಕಾಗಲಿಲ್ಲ.

ಸಮಿತಿಯಲ್ಲಿ ಒಬ್ಬರು ಮಾತ್ರ, ಲೈನೇ ಸತ್ತಿರಬಹುದಲ್ಲವೇ ಅಂತ ಕೇಳಿದ್ದರು. ಅದಕ್ಕೆ ಚೀಟಿಯಕ್ಕನನ್ನು ಕರೆಸಿದರು. ಅವಳು ಅವರೆಲ್ಲರ ಮುಂದೆ ಪ್ಲಗ್ ಕಿತ್ತು ಎತ್ತಿ ಹಿಡಿದು ಎಣಿಸಿದಳು. ಎಂಟಕ್ಕೆ ಬ್ಯಾಕಪ್ ಎದ್ದಿತು. ಆ ಪ್ರಶ್ನೆ ಕೇಳಿದ್ದವರೇ, ಭೇಷ್, ಹಾಗಾದರೆ ಲೈನಿನ ತಪ್ಪಲ್ಲ ಅಂದರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ನಿಧಾನಣ್ಣ ಕೂಡ ಮೆಚ್ಚಿ ತಲೆಯಾಡಿಸಿದ್ದರು. ಆಮೇಲೆ ಅವರನ್ನು ಕುರ್ಚಿಯಿಂದ ಎಬ್ಬಿಸಿ ಸ್ಟೋರ್ ರೂಮಿಗೆ ಹಾಕುವ ಪತ್ರ ಬರೆದದ್ದು ಅಕ್ಕ. ಬರೆದ ರಾತ್ರಿ ಅಕ್ಕ ಊಟ ಮಾಡಿರಲಿಲ್ಲ. ಆದರೂ ಬರೆದಳು, ಯಾಕೆಂದರೆ ತಂಗಿಯ ಕೈಯಲ್ಲಿ ಪ್ಲಗ್ ಇದ್ದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ಇದೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ನೆಲದ ಮೇಲೆ ಕೂತವಳ ತಲೆಯಲ್ಲಿ ಒಂದರ ಹಿಂದೆ ಒಂದು ಬಂತು. ಹಾಗಾಗಿರಲಾರದು, ಆವತ್ತು ಲೈನ್ ಚೆನ್ನಾಗಿಯೇ ಇದ್ದಿರಬೇಕು ಅಂತ ಅವಳು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಆಮೇಲೆ ಲೈನ್ ಕಂಪನಿಯ ದೂರು ವಿಭಾಗಕ್ಕೆ ಫೋನ್ ಮಾಡಿದಳು. ಅಲ್ಲಿ ಒಬ್ಬ ಹೆಂಗಸು ಇದ್ದಳು. ಏಳು ವರ್ಷದಿಂದ ಇಬ್ಬರಿಗೂ ಧ್ವನಿಯ ಪರಿಚಯ, ಮುಖದ್ದಿಲ್ಲ.

ಏನು ತಾಯಿ, ಇವತ್ತು ಯಾರ ಲೈನ್ ನುಂಗಿದ್ವಿ ನಾವು ಅಂತ ಆ ಕಡೆಯಿಂದ ಎಂದಿನ ತಮಾಷೆ. ಚೀಟಿಯಕ್ಕ ತಾರೀಖು ಹೇಳಿದಳು, ಕರೆ ಕೇಂದ್ರದ ಲೈನಿನ ನಂಬರು ಹೇಳಿದಳು. ಕೀಬೋರ್ಡಿನ ಟಕಟಕ ಸ್ವಲ್ಪ ಹೊತ್ತು ಕೇಳಿಸಿತು.

"ಹೂಂ, ಇದೆ. ಮಧ್ಯಾಹ್ನ ಮೂರು ಹನ್ನೆರಡಕ್ಕೆ ಬಿದ್ದಿದೆ, ಮೂರು ಮೂವತ್ತೊಂದಕ್ಕೆ ಎದ್ದಿದೆ. ನಮ್ಮ ಎಕ್ಸ್‌ಚೇಂಜಲ್ಲೇ ಒಂದು ಕಾರ್ಡು ಸುಟ್ಟಿತ್ತು. ತಿಂಗಳ ವರದೀಲಿ ಕಳಿಸಿದ್ದೀವಲ್ಲ, ನೋಡಿಲ್ವಾ?"

ಯಾರೂ ನೋಡಿರಲಿಲ್ಲ. ಆ ವರದಿ ಬೀಳುತ್ತಿದ್ದ ಅಂಚೆಪೆಟ್ಟಿಗೆಯನ್ನು ತೆರೆಯುವವರೇ ಇರಲಿಲ್ಲ. ಹತ್ತೊಂಬತ್ತು ನಿಮಿಷ. ಅಷ್ಟೂ ಹೊತ್ತು ಕೇಂದ್ರದ ರೂಟರಿನ ಮೇಲೆ ಹಸಿರು ದೀಪ ಉರಿದಿತ್ತು. ಆ ಲೈನಿನಲ್ಲಿ ಬರುವುದು ಜನರ ಕರೆಗಳು ಮಾತ್ರ; ಗಾಡಿಗಳ ಜೊತೆ ಮಾತು ರೇಡಿಯೋದಲ್ಲಿ, ನಕ್ಷೆ ಒಳಗಿನ ಯಂತ್ರದಲ್ಲೇ, ಹಾಗಾಗಿ ಕೂತವರಿಗೆ ಏನೂ ಕೆಟ್ಟಂತೆ ಕಾಣಲಿಲ್ಲ. ಅವರು ಚಹಾ ಕುಡಿದರು.

ಅವಳು ತನಗೆ ಸಂಬಳ ಕೊಡುವ ಯಜಮಾನರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಯಜಮಾನರು ಕೆಟ್ಟವರಲ್ಲ, ಗಾಬರಿ ಬಿದ್ದಾಗ ಸಿಹಿಯಾಗಿ ಮಾತಾಡುವವರು. ಅವರು ಸಿಹಿಯಾಗಿಯೇ ಮಾತಾಡಿದರು. ಉಳಿದ ಹತ್ತೂ ಕಡೆ ಹೋಗು, ವರ್ಷದ ತಪಾಸಣೆ ಅಂತ ಹೇಳು, ಏಳು ಸಾಲು ಸೇರಿಸು, ಬಾ. ತಪ್ಪು ಗೊತ್ತಾಯಿತು, ತಿದ್ದಿದೆವು, ಮುಗಿಯಿತಲ್ಲ. ನಿನ್ನ ಅಕ್ಕನ ಕೇಂದ್ರಕ್ಕೆ ಮೊದಲು ಹೋಗು, ಅಲ್ಲಿ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ. ಆ ಕೊನೆಯ ಮಾತು ನಿಜವಾಗಿತ್ತು, ಅದಕ್ಕೇ ಅವಳಿಗೆ ಚುಚ್ಚಿತು.

ಕರೆ ಕೇಂದ್ರ ಎರಡನೇ ಮಹಡಿ. ಆರು ಕುರ್ಚಿ, ಆರು ಕಂಪ್ಯೂಟರ್, ಕಿಟಕಿಗೆ ದಪ್ಪ ಪರದೆ, ಗೋಡೆಯ ಮೇಲೆ ಅಕ್ಕನೇ ಬರೆದು ಅಂಟಿಸಿದ ಹಾಳೆ: 'ಕಾಫಿ ಲೋಟ ಕೀಬೋರ್ಡಿನ ಮೇಲಿಟ್ಟವರೇ ಕೀಬೋರ್ಡ್ ತೊಳೆಯತಕ್ಕದ್ದು.' ಇವಳು ಒಳಗೆ ಬಂದಾಗ ಅಕ್ಕ ಫೋನಿನಲ್ಲಿದ್ದಳು, ಕಣ್ಣಲ್ಲೇ ಏನು ಅಂತ ಕೇಳಿದಳು. ತಪಾಸಣೆ ಅಂತ ಇವಳು ಕೈಸನ್ನೆ ಮಾಡಿದಳು. ಹೋಗು ಅಂತ ಅಕ್ಕ ತಲೆಯಾಡಿಸಿದಳು. ಯಜಮಾನರು ಹೇಳಿದ ಹಾಗೆಯೇ ಆಯಿತು.

ಮೂಲೆಯ ಗಾಜಿನ ಕೋಣೆಯಲ್ಲಿ ರೂಟರ್. ಅದರ ನೆತ್ತಿಯ ಮೇಲೆ ಅವಳದೇ ಮುತ್ತಿನಂಥ ಅಕ್ಷರ, 'ಪರೀಕ್ಷಿಸಲಾಗಿದೆ', ಅವಳದೇ ಸಹಿ. ಲ್ಯಾಪ್‌ಟಾಪ್ ಸಿಕ್ಕಿಸಿ ಕೂತು ಏಳು ಸಾಲು ಬರೆದಳು. ಒಂದು ಸಲ ಓದಿಕೊಂಡಳು. ಇನ್ನು ಸೇವ್ ಮಾಡುವುದೊಂದೇ ಬಾಕಿ. ಮಾಡಿದರೆ ಇಂದಿನಿಂದ ಈ ಕೋಣೆಯ ಬ್ಯಾಕಪ್ ನಿಜವಾದ ಬ್ಯಾಕಪ್. ಮಾಡಿದರೆ, ನಿನ್ನೆಯವರೆಗೆ ಅದು ಬರೀ ಬೊಂಬೆಯಾಗಿತ್ತು ಅಂತ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಬಾಯಲ್ಲಿ ಹೇಳಬಹುದು, ಆದರೆ ಬಾಯಲ್ಲಿ ಹೇಳಿದ್ದನ್ನು ಈ ಸಮಿತಿ ಎಷ್ಟು ನಂಬುತ್ತದೆ ಅಂತ ನಿಧಾನಣ್ಣನ ವಿಷಯದಲ್ಲೇ ನೋಡಿಯಾಗಿತ್ತು.

ಬೆರಳು ಅಲ್ಲೇ ನಿಂತಿತು. ಗಾಜಿನಾಚೆ ನಾಲ್ಕನೇ ಕುರ್ಚಿಯಲ್ಲಿ ಹೊಸ ಹೆಣ್ಣುಮಗಳೊಬ್ಬಳು ಯಾರಿಗೋ ವಿಳಾಸ ಕೇಳುತ್ತಿದ್ದಳು, ಜೋರಾಗಿ, ಬೇಗ ಬೇಗ. ಕುರ್ಚಿಯ ಬೆನ್ನಿಗೆ ನಿಧಾನಣ್ಣ ಕಟ್ಟಿಕೊಂಡಿದ್ದ ಸಣ್ಣ ದಿಂಬು ಹಾಗೇ ಇತ್ತು. ಚೀಟಿಯಕ್ಕ ಬೆರಳು ತೆಗೆದಳು, ಎದ್ದು ಹೋಗಿ ಅಕ್ಕನ ಮೇಜಿನ ಮುಂದೆ ನಿಂತಳು.

ಒಂದು ಪರೀಕ್ಷೆ ಮಾಡಬೇಕು, ಐದು ನಿಮಿಷ ಜನರ ಕರೆಗಳನ್ನೆಲ್ಲ ಪಕ್ಕದ ಊರಿನ ಕೇಂದ್ರಕ್ಕೆ ತಿರುಗಿಸಬೇಕು ಅಂದಳು. ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಪ್ಲಗ್ ಕೀಳೋ ಪರೀಕ್ಷೆಗೆ ಇಷ್ಟೆಲ್ಲ ರಂಪ ಯಾಕೆ ಅಂತ ಕೇಳಿದಳು. ಇವಳು, ಪ್ಲಗ್ ಕೀಳಲ್ಲ ಅಂದಳು. ಅಷ್ಟಕ್ಕೇ ಅಕ್ಕನಿಗೆ ಏನೋ ವಾಸನೆ ಬಡಿದಿರಬೇಕು, ಮರುಮಾತಿಲ್ಲದೆ ಪಕ್ಕದ ಕೇಂದ್ರಕ್ಕೆ ಫೋನ್ ಮಾಡಿದಳು. ಪರೀಕ್ಷೆಗೆಂದೇ ಇದ್ದ ಇನ್ನೊಂದು ನಂಬರನ್ನು ಮಾತ್ರ ಉಳಿಸಿಕೊಂಡರು. ಅದೂ ಬರುವುದು ಅದೇ ಲೈನಿನಲ್ಲಿ, ಬಂದರೆ ಆರೂ ಕುರ್ಚಿಗಳಲ್ಲಿ ಕೂಗುತ್ತದೆ.

ಚೀಟಿಯಕ್ಕ ಫೋನ್ ಮಾಡಿ ಕೇಳಿಕೊಂಡ ಮೇಲೆ ದೂರು ವಿಭಾಗದ ಹೆಂಗಸು ತನ್ನ ಕಡೆಯಿಂದ ಲೈನ್ ಕಡಿದಳು. ಗಾಜಿನ ಕೋಣೆಯಲ್ಲಿ ಯಾರೂ ಏನನ್ನೂ ಮುಟ್ಟಲಿಲ್ಲ. ಹಸಿರು ದೀಪ ಹಸಿರಾಗಿಯೇ ಇತ್ತು. ಚೀಟಿಯಕ್ಕ ಎಣಿಸಿದಳು, ಎಂಟು, ಹತ್ತು, ಇಪ್ಪತ್ತು. ಬ್ಯಾಕಪ್ ಮಿಸುಕಲಿಲ್ಲ. ಈಗ ನಿನ್ನ ಮೊಬೈಲಿಂದ ಆ ನಂಬರಿಗೆ ಮಾಡು ಅಂತ ಅಕ್ಕನಿಗೆ ಹೇಳಿದಳು.

ಅಕ್ಕ ಮಾಡಿದಳು. ಮೊಬೈಲು ಕಿವಿಗಿಟ್ಟುಕೊಂಡು ಕೋಣೆಯ ನಡುವೆ ನಿಂತಳು. ಅವಳ ಕಿವಿಯಲ್ಲಿ ರಿಂಗ್ ಆಗುತ್ತಿದ್ದದ್ದು ಪಕ್ಕದಲ್ಲಿ ನಿಂತವಳಿಗೂ ಸಣ್ಣಗೆ ಕೇಳಿಸುತ್ತಿತ್ತು. ಆರು ಕುರ್ಚಿಗಳಲ್ಲಿ ಒಂದೂ ಕೂಗಲಿಲ್ಲ. ಒಬ್ಬ ಮೈಮುರಿದ. ಇನ್ನೊಬ್ಬಳು, ಐದು ನಿಮಿಷ ಇದೆಯಲ್ಲ, ಚಹಾ ತರಿಸೋಣವಾ ಮೇಡಂ ಅಂತ ಕೇಳಿದಳು.

ಅಕ್ಕ ಮೊಬೈಲನ್ನು ಕಿವಿಯಿಂದ ತೆಗೆಯಲಿಲ್ಲ. ರಿಂಗ್ ತಾನಾಗಿ ನಿಲ್ಲುವವರೆಗೂ ಕೇಳಿದಳು. ಮತ್ತೊಂದು ಸಲ ಮಾಡಿದಳು, ಅದನ್ನೂ ಕೊನೆಯವರೆಗೆ ಕೇಳಿದಳು. ದರ್ಜಿ ಆರು ಸಲ ಮಾಡಿದ್ದ. ಮೂರನೆಯದಕ್ಕೆ ಅಕ್ಕನ ಕೈ ಕೆಳಗಿಳಿಯಿತು. ಚೀಟಿಯಕ್ಕ ಹೋಗಿ ಏಳು ಸಾಲನ್ನು ಸೇವ್ ಮಾಡಿದಳು. ಹದಿನಾರನೇ ಸೆಕೆಂಡಿಗೆ ಬ್ಯಾಕಪ್ ಎದ್ದಿತು. ನಾಲ್ಕನೇ ಸಲ ಮಾಡಿದಾಗ ಆರೂ ಕುರ್ಚಿಗಳು ಒಟ್ಟಿಗೆ ಕೂಗಿಕೊಂಡವು. ಅಕ್ಕ ಅದನ್ನು ಕಡಿದು, ಜನರ ಕರೆಗಳನ್ನು ವಾಪಸ್ ತರಿಸಿ, ಕಾರಿಡಾರಿಗೆ ನಡೆದಳು. ಹಿಂದೆ ಬಾ ಅಂತ ಹೇಳಬೇಕಾಗಿರಲಿಲ್ಲ.

ಕಾರಿಡಾರಿನಲ್ಲಿ ಇವಳು ಎಲ್ಲ ಹೇಳಿದಳು. ಮೂರು ಹನ್ನೆರಡು, ಮೂರು ಮೂವತ್ತೊಂದು, ಸುಟ್ಟ ಕಾರ್ಡು, ಬಿಳಿ ಡಬ್ಬಿ. ಅಕ್ಕ ನೀರಿನ ಕ್ಯಾನಿನ ಮೇಲೆ ಕೈಯೂರಿ ನಿಂತು ಕೇಳಿದಳು. ಮುಗಿದ ಮೇಲೆ ಕೇಳಿದಳು.

"ಈಗ ಸರಿಯಾಯ್ತಲ್ಲ?"

"ಇನ್ಮೇಲಿಂದ ಸರಿ."

"ಹಾಗಾದ್ರೆ ಅಷ್ಟು ಸಾಕು ಬಿಡೇ. ನಿಧಾನಣ್ಣ ರಿಟೈರಾಗೋಕೆ ಇನ್ನೆರಡು ವರ್ಷ ಇದೆ ಅಷ್ಟೇ. ಸ್ಟೋರಲ್ಲಿ ಕಿರಿಕಿರಿ ಇಲ್ಲ, ಅರಚೋರಿಲ್ಲ, ಕಣ್ಣಿಗೂ ಒಳ್ಳೇದು. ಈಗ ಇದನ್ನ ಕೆದಕಿದ್ರೆ ನಿನ್ನ ಕೆಲಸ ಹೋಗುತ್ತೆ, ನನ್ನ ಮುಖ ಹೋಗುತ್ತೆ. ಆ ತಾಯಿ ಕೈ ವಾಪಸ್ ಬರುತ್ತಾ?"

ಅಕ್ಕ ಹೀಗೆ ಮಾತಾಡಿದ್ದನ್ನು ಅವಳು ಹಿಂದೆ ಕೇಳಿರಲಿಲ್ಲ. ಅಕ್ಕನ ಧ್ವನಿಯಲ್ಲಿ ಯಜಮಾನರ ಸಿಹಿ ಇರಲಿಲ್ಲ. ಅಕ್ಕ ಬೇಡಿಕೊಳ್ಳುತ್ತಿದ್ದಳು. ಹೂಂ ಅಂದುಬಿಡಲೇ ಅಂತ ಅವಳಿಗೆ ಒಂದು ಗಳಿಗೆ ಅನ್ನಿಸಿತು. ಹೂಂ ಅಂದರೆ ಇವತ್ತು ಸಂಜೆಯೂ ಒಟ್ಟಿಗೆ ಊಟ, ಅಕ್ಕ ಎಂದಿನ ಹಾಗೆ, ನಿನ್ನ ಅನ್ನದ ಮೇಲೂ ಚೀಟಿ ಅಂಟಿಸಿಕೋ ಅಂತ ಕಿಚಾಯಿಸುತ್ತಾಳೆ.

"ಅವರು ಆ ದರ್ಜಿ ಮನೆಗೆ ಹೋಗ್ತಾರಂತಲ್ಲ ಅಕ್ಕ, ಪ್ರತಿ ಭಾನುವಾರ," ಅಂದಳು. "ನೀನೇ ಹೇಳಿದ್ದೆ."

ಅಕ್ಕ ಮುಖ ತಿರುಗಿಸಿದಳು. ಚೀಟಿಯಕ್ಕ ಮೆಟ್ಟಿಲಿಳಿದು ಸ್ಟೋರ್ ರೂಮಿಗೆ ಹೋದಳು.

ಸ್ಟೋರ್ ರೂಮು ನೆಲಮಹಡಿಯಲ್ಲಿ, ಗಾಡಿ ನಿಲ್ಲಿಸುವ ಜಾಗದ ಹಿಂದೆ. ಹತ್ತಿಯ ಕಟ್ಟು, ಗ್ಲೌಸಿನ ಡಬ್ಬಿ, ಹೊದಿಕೆಗಳು. ನಿಧಾನಣ್ಣ ಎತ್ತರದ ಸ್ಟೂಲಿನ ಮೇಲೆ ಕೂತು, ಹರಿದ ಹೊದಿಕೆಯೊಂದರ ಅಂಚು ಹೊಲಿಯುತ್ತಿದ್ದರು. ಗಂಡಸರ ಕೈಯ ಒಡ್ಡೊಡ್ಡು ಹೊಲಿಗೆಯಲ್ಲ, ಸಾಲು ಸಾಲಾಗಿ, ಸಣ್ಣದಾಗಿ. ಅವಳ ನೋಟ ಅಲ್ಲಿಗೆ ಹೋದದ್ದು ನೋಡಿ ನಕ್ಕರು. ದರ್ಜಿಯ ತಾಯಿ ಕಲಿಸಿದ್ದಂತೆ. ಭಾನುವಾರ ಹೋದಾಗ ಆಕೆ ಹೇಳುತ್ತಾರೆ, ಇವರು ಹೊಲಿಯುತ್ತಾರೆ. ಬಾಯಿ ಅವರದ್ದು, ಕೈ ನನ್ನದು ಅಂದರು. ಮೊದಲ ವಾರ ಬಾಗಿಲಲ್ಲೇ ಬೈದರಂತೆ, ಎರಡನೇ ವಾರ ಒಳಗೆ ಕೂರಿಸಿ ಬೈದರಂತೆ, ಈಗ ಗುಂಡಿ ಸೊಟ್ಟ ಆದರೆ ಮಾತ್ರ ಬೈಯುತ್ತಾರಂತೆ.

ಅವಳು ಬಾಗಿಲಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಡಬ್ಬಿ ಅಂದಳು, ಆವತ್ತು ಅಂದಳು, ಪ್ಲಗ್ಗಲ್ಲ ಅಂದಳು, ಮೂರು ಹನ್ನೆರಡು ಅಂದಳು. ನಿಧಾನಣ್ಣ ಸೂಜಿಯನ್ನು ಹೊದಿಕೆಗೆ ಚುಚ್ಚಿಟ್ಟು, ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತರು.

"ನಿಧಾನ," ಅಂದರು. "ನಿಧಾನವಾಗಿ ಹೇಳಮ್ಮ. ನಾನು ಕೇಳ್ತಾ ಇದ್ದೀನಿ."

ಸಾವಿರಾರು ಜನರಿಗೆ ಹೇಳಿದ ಮಾತು, ಅದೇ ದನಿ. ಅವಳು ಹೇಳಿದಳು. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಬಲಗೈಯ ತೋರುಬೆರಳನ್ನು ಎತ್ತಿ, ಅದು ಬೇರೆಯವರದ್ದೋ ಅನ್ನುವ ಹಾಗೆ ನೋಡಿದರು.

"ನಾನು ಬಟನ್ ಬಿಟ್ಟಿದ್ದೆ ಅಂತೀಯಾ?"

"ಬಿಟ್ಟಿದ್ರೋ ಇಲ್ವೋ ನಂಗೊತ್ತಿಲ್ಲ ಅಣ್ಣ. ಬಿಟ್ಟಿದ್ರೂ ಕರೆ ಬರ್ತಿರಲಿಲ್ಲ. ಆರು ಕುರ್ಚಿಗೂ ಬಂದಿಲ್ಲ. ಲೈನೇ ಇರಲಿಲ್ಲ."

"ಬಿಟ್ಟಿದ್ದೆ," ಅಂದರು. ಬೆರಳನ್ನು ಮಡಚಿ, "ನಾಲ್ಕು ತಿಂಗಳು ಈ ಬೆರಳನ್ನ ನಾನು ನಂಬಿಲ್ಲ. ಮನೇಲಿ ಗ್ಯಾಸ್ ಆರಿಸಿ ಮೂರು ಸಲ ವಾಪಸ್ ಬಂದು ನೋಡ್ತೀನಿ. ನನ್ನವಳು ನಗ್ತಾಳೆ, ಆರಿಸಿದ್ದೀರಿ, ಬನ್ನಿ ಅಂತ ಕೈ ಹಿಡಿದು ಎಳ್ಕೊಂಡು ಹೋಗ್ತಾಳೆ. ಆವತ್ತು ನಿನ್ನ ಕೈಯಲ್ಲಿ ಪ್ಲಗ್ ನೋಡಿದೆನಲ್ಲ, ಆಮೇಲೆ ನಂಗೂ ಅನ್ನಿಸಿಬಿಡ್ತು, ಒತ್ಕೊಂಡೇ ಕೂತಿದ್ದೆ ಅಂತ. ಕೂತಿದ್ದದ್ದು ನೆನಪಿಗೂ ಬರೋಕೆ ಶುರುವಾಯ್ತು."

ಕ್ಷಮಿಸಿ ಅನ್ನುವ ಮಾತು ಅವಳ ಬಾಯಲ್ಲಿತ್ತು. ಅವರ ಮುಖ ನೋಡಿ ಅದನ್ನು ಒಳಗೇ ಇಟ್ಟುಕೊಂಡಳು. ಅವರಿಗೆ ಬೇಕಾಗಿದ್ದದ್ದು ಬೇರೆ. ಬರೆದು ಕೊಡು, ನಿನ್ನ ಚೀಟಿಯಲ್ಲೇ ಬರೆದು ಕೊಡು ಅಂದರು. ಅವಳು ಜೇಬಿನಿಂದ ಚೀಟಿಯ ಹಾಳೆ ತೆಗೆದು, ಗ್ಲೌಸಿನ ಡಬ್ಬಿಯ ಮೇಲಿಟ್ಟು ಬರೆದಳು. ತಾರೀಖು, ಹತ್ತೊಂಬತ್ತು ನಿಮಿಷ, ಲೈನ್ ಇರಲಿಲ್ಲ, ಬ್ಯಾಕಪ್ ಏಳಲಿಲ್ಲ, ನಾನು ಮಾಡಿದ ಪರೀಕ್ಷೆ ಸರಿಯಾದ ಪರೀಕ್ಷೆಯಲ್ಲ, ನಾಲ್ಕನೇ ಕುರ್ಚಿಯ ತಪ್ಪಿಲ್ಲ. ಸಹಿ. ಅಕ್ಷರ ಮುತ್ತಾಗಿರಲಿಲ್ಲ. ನಿಧಾನಣ್ಣ ಅದನ್ನು ಎರಡು ಸಲ ಓದಿ, ಕನ್ನಡಕದ ಡಬ್ಬಿಯೊಳಗೆ ಮಡಚಿಟ್ಟರು.

"ಭಾನುವಾರ ಹತ್ತಕ್ಕೆ ಹೊರಡ್ತೀನಿ," ಅಂದರು. "ನೀನೂ ಬಾ. ಅವರಿಗೆ ನಾನು ಹೇಳಿದ್ರೆ, ತಪ್ಪಿಸ್ಕೊಳ್ಳೋಕೆ ಕತೆ ಕಟ್ಟಿದೆ ಅಂತಾರೆ. ನೀನೇ ಹೇಳ್ಬೇಕು."

ಸಮಿತಿಯ ಮುಂದೆ ನಿಲ್ಲಲು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆ ಮನೆಯ ಹೊಸ್ತಿಲು ಅವಳ ಲೆಕ್ಕದಲ್ಲಿರಲಿಲ್ಲ. ಆದರೂ ಬರ್ತೀನಿ ಅಂದಳು. ನಿಧಾನಣ್ಣ, ಆಯ್ತು ಅಂತಲೂ ಅನ್ನಲಿಲ್ಲ, ನೀನು ಒಳ್ಳೆಯವಳು ಅಂತಲೂ ಅನ್ನಲಿಲ್ಲ. ಸೂಜಿ ಎತ್ತಿಕೊಂಡರು. ಆದರೆ ಹೊಲಿಯಲಿಲ್ಲ, ಎತ್ತಿಕೊಂಡು ಹಾಗೇ ಕೂತಿದ್ದರು.

ಚೀಲ ತರಲು ಅವಳು ಮೇಲೆ ಹೋದಾಗ ಅಕ್ಕ ಗಾಜಿನ ಕೋಣೆಯಲ್ಲಿ ರೂಟರಿನ ಮುಂದೆ ಕೂತಿದ್ದಳು. ಮುಂದೆ ಒಂದು ಬಿಳಿ ಹಾಳೆ. ಕಣ್ಣು ಕೆಂಪಾಗಿತ್ತು, ತಂಗಿಯ ಕಡೆ ತಿರುಗಲಿಲ್ಲ. ರೂಟರಿನ ನೆತ್ತಿಯ ಹಳೆಯ ಚೀಟಿಯನ್ನು ತಂಗಿ ಉಗುರಿನಿಂದ ಕೀಳಲು ಹೋದಾಗ ಮಾತ್ರ ಅಕ್ಕ ಬಾಯಿ ಬಿಟ್ಟಳು.

"ಅದನ್ನ ಕೀಳಬೇಡ. ಸಮಿತಿಯವರು ನೋಡ್ಬೇಕು. ಬೇಕಿದ್ರೆ ಪಕ್ಕದಲ್ಲಿ ಹೊಸದು ಅಂಟಿಸು."

ಇವಳು ಹೊಸ ಚೀಟಿ ಬರೆದಳು, ಇಂದಿನ ತಾರೀಖು, ಲೈನ್ ಕಂಪನಿಯ ಕಡೆಯಿಂದ ಕಡಿದು ನೋಡಲಾಗಿದೆ, ಹದಿನಾರು ಸೆಕೆಂಡು. ಬರೆಯುತ್ತಿದ್ದಾಗ ಅಕ್ಕ ತನ್ನ ಹಾಳೆಯ ಕಡೆಗೇ ನೋಡುತ್ತಾ, ಮೊದಲ ಪತ್ರ ಬರೆದವಳು ನಾನು, ಎರಡನೆಯದನ್ನೂ ನಾನೇ ಬರೀತೀನಿ ಅಂದಳು. ತಂಗಿ ಅಂತ ಒಂದಕ್ಷರ ಕಡಿಮೆ ಬರೆಯಲ್ಲ, ತಿಳೀತಾ ಅಂತಲೂ ಅಂದಳು. ಇವಳು ತಿಳೀತು ಅಂದಳು. ಸಂಜೆ ಊಟದ ಮಾತು ಇಬ್ಬರೂ ಎತ್ತಲಿಲ್ಲ.

ಚೀಲ ಹೆಗಲಿಗೇರಿಸಿ ಬಾಗಿಲು ದಾಟುವಾಗ ಹಿಂದಿನಿಂದ ಅಕ್ಕ, ಇನ್ನೆಷ್ಟು ಕಡೆ ಇದೆ ಇಂಥದ್ದು ಅಂತ ಕೇಳಿದಳು.

"ಒಂಬತ್ತು."

"ಮತ್ತೆ ನಿಂತ್ಕೊಂಡು ಏನ್ ನೋಡ್ತಿದ್ದೀಯ, ಹೊರಡು."

ಮೆಟ್ಟಿಲ ಮೇಲೆ ಅವಳ ಫೋನ್ ಕೂಗಿತು. ಯಜಮಾನರು. ಅದು ಮೂರು ಸಲ ಕೂಗುವವರೆಗೆ ಅವಳು ಪರದೆಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಎತ್ತಿದಳು.